ಆಯಿಯ ಕೆಲಸದಾಕಿ

ಆಯಿ ಬಿದ್ದದ್ದು ನಮ್ಮ ಚಾಳಿನ ನಲ್ಲಿಯ ಮುಂದೆ, ಬೇರೆಯವರ ಕೊಡವನ್ನು ಸಾಲಿನಿಂದ ಹಿಂದಕ್ಕೆ ತಳ್ಳಲು ಹೋಗಿ. ಆ ಕೊಡ ನನ್ನದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನ ಮೂರು ತಿಂಗಳು ಆಯಿ ಬಂದವರಿಗೆಲ್ಲ ಕಥೆಯನ್ನು ತಿರುವಿ ಹಾಕಿ ಹೇಳಿದಳು. "ಈಕಿ ಕೊಡಾ ನಡು ದಾರ್‍ಯಾಗ ಇಟ್ಟಿದ್ದಳು. ಎಡವಿದೆ. ತೊಡಿ ಎಲಬ ಮುರೀತು." ನಾನು ಅಲ್ಲೇ ಕೂತು ಅವಳಿಗೆ ಗಂಜಿ ಕಲಸುತ್ತಿದ್ದರೂ ಅವಳ ದನಿ ಒಂದಿಷ್ಟೂ ತಗ್ಗುತ್ತಿರಲಿಲ್ಲ.

ಆಯಿ ಅಂದರೆ ನನ್ನ ಅಜ್ಜಿಯಲ್ಲ, ಪಕ್ಕದ ಮನೆಯ ಮುದುಕಿ. ನಾವಿರುವುದು ಇಚಲಕರಂಜಿಯ ಶಹಾಪುರದಲ್ಲಿ, ಎಂಟು ಮನೆಗಳ ಒಂದು ಚಾಳಿನಲ್ಲಿ. ಹಿಂದಿನ ಗೋಡೆಯ ಆಚೆ ಮಗ್ಗದ ಷೆಡ್ಡು. ನನ್ನ ಗಂಡ ಅಲ್ಲಿ ಮಗ್ಗ ರಿಪೇರಿ ಮಾಡುತ್ತಾರೆ, ನಾನು ಮನೆಯಲ್ಲೇ ನೈಟಿ, ಪರಕಾರ ಹೊಲಿಯುತ್ತೇನೆ. ಆಯಿ ಗೋಕಾಕದ ಕಡೆಯಿಂದ ಮದುವೆಯಾಗಿ ಬಂದವಳು. ಮೂವತ್ತು ವರ್ಷ ಷೆಡ್ಡಿನಲ್ಲಿ ಕೂತು ಕಾಂಡಿಗೆ, ಅಂದರೆ ಲಾಳಿಯೊಳಗೆ ಕೂರುವ ಕೊಳವೆಗೆ, ನೂಲು ಸುತ್ತಿದವಳು. ಮಗ್ಗದ ಗದ್ದಲದಲ್ಲಿ ಕೂಗಿ ಕೂಗಿ ಮಾತಾಡಿದ ಗಂಟಲು, ಮನೆಗೆ ಬಂದ ಮೇಲೂ ಇಳಿಯಲಿಲ್ಲ. ಚಾಳಿನಲ್ಲಿ ಅವಳಿಂದ ಬೈಸಿಕೊಳ್ಳದವರಿಲ್ಲ. ನಮ್ಮ ಮನೆಗೆ ಮಾತ್ರ ಒಂದು ಪಾಲು ಹೆಚ್ಚು. ನಾವು ಕ್ರೈಸ್ತರು. "ಕಿರಿಸ್ತಾನರು" ಎನ್ನುವಾಗ ಅವಳು ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕವಳ ಹಾಗೆ ಮುಖ ಮಾಡುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ನಮ್ಮ ಮನೆಯ ಒಂದು ಗುಟುಕು ನೀರು ಕುಡಿದವಳಲ್ಲ.

ಕೊಲ್ಹಾಪುರದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ತೊಡೆಗೆ ರಾಡು ಹಾಕಿ, ಡಾಕ್ಟರು ಹೇಳುವವರೆಗೆ ಕಾಲು ಊರಬಾರದು ಎಂದು ಕಳಿಸಿದರು. ಮಗ, ಸೊಸೆ ಇಬ್ಬರಿಗೂ ಯಡ್ರಾವಿನಲ್ಲಿ ಕೆಲಸ. ಅವನು ಮಗ್ಗದ ಮೇಲೆ, ಅವಳು ಕಾಂಡಿಯ ಮೇಲೆ. ಮುಂಜಾನೆ ಹೋದರೆ ಬರುವುದು ಸಂಜೆಗೆ. ಮನೆಗೆ ತಂದ ಮರುದಿನ ಸೊಸೆ ನಮ್ಮ ಬಾಗಿಲಿಗೆ ಬಂದು ನಿಂತಳು. ಸೆರಗಿನ ತುದಿ ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, "ಅಕ್ಕಾ, ಹಗಲ ಹೊತ್ತು ನಮ್ಮ ಅತ್ತಿನ್ನ ಒಂದೀಟು ನೋಡ್ಕೋತೀರೇನ್ರಿ?" ಎಂದಳು.

ಆಗಲಿ ಅಂದೆ, ಆದರೆ ಮನಸ್ಸಿನೊಳಗೆ ಲೆಕ್ಕ ಬೇರೆಯೇ ಇತ್ತು. ಭಾನುವಾರ ಚರ್ಚಿನಲ್ಲಿ ಪಾಸ್ಟರ್‌ಗೆ ಹೇಳಿದರೆ ನಾಲ್ಕು ಜನ ಸೇರುತ್ತಾರೆ, ನನ್ನ ಪಾಲಿಗೆ ವಾರಕ್ಕೊಂದು ದಿನ ಬಂದೀತು. ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ಆಯಿತು. ನಮ್ಮ ಪಾಸ್ಟರ್ ವಯಸ್ಸಿನಲ್ಲಿ ಚಿಕ್ಕವರು, ಬೇಗ ಕಣ್ಣು ತುಂಬಿಕೊಳ್ಳುವವರು. ಅವತ್ತಿನ ಪ್ರಸಂಗವನ್ನೆಲ್ಲ, ಅಂದರೆ ಚರ್ಚಿನ ಉಪದೇಶವನ್ನೆಲ್ಲ, ಸೇವೆಯ ಮೇಲೆಯೇ ತಿರುಗಿಸಿದರು. ಕೇಳಿದವರಿಗೂ ಎದೆ ತುಂಬಿತು. ಆರು ಹೆಂಗಸರ ಕೈ ಮೇಲೆದ್ದವು, ನನ್ನದೂ ಸೇರಿ. ಪಾಳಿಯ ಪಟ್ಟಿ ಬರೆದು ಬಾಗಿಲ ಹತ್ತಿರ ಅಂಟಿಸಿದರು. ಸೋಮವಾರದಿಂದ ಶನಿವಾರದವರೆಗೆ, ದಿನಕ್ಕೊಬ್ಬರು.

ಸೋಮವಾರದವಳು ಬಂದಳು. ಮೋಸಂಬಿ ತಂದಿದ್ದಳು, ಮಂಚದ ಪಕ್ಕ ಕೂತು ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದಳು. ನಡುವೆಯೇ ಆಯಿ, "ಏ ಬಾಯಿ, ಪಾಟ್ ಕೊಡು, ಲಗೂ" ಎಂದಳು. ಪಾಟ್ ಅಂದರೆ ಮಲಗಿದಲ್ಲೇ ಮಲ, ಮೂತ್ರಕ್ಕೆ ಹಿಡಿಯುವ ಪಾತ್ರೆ. ಅದೇ ಹೊತ್ತಿಗೆ ಸೋಮವಾರದವಳಿಗೆ ಯಾವುದೋ ಫೋನು ಬಂತು. ಮಾತಾಡುತ್ತ ಹೊರಗೆ ಹೋದವಳು ಹಾಗೇ ಬಸ್ ಸ್ಟ್ಯಾಂಡಿನ ಕಡೆ ಹೋದಳು. ಹೊಲಿಗೆ ಬಿಟ್ಟು ನಾನೇ ಓಡಿದೆ. ಮತ್ತೊಬ್ಬಳು ಎರಡು ಸರತಿ ಬಂದಳು. ಅವಳು ಮಾಡಿದ ಚಹಾವನ್ನು ಆಯಿ ಪಾತ್ರೆ ತೊಳೆದ ನೀರು ಎಂದದ್ದಕ್ಕೆ ಮೂರನೆಯ ಸರತಿಗೆ ಮೊಣಕಾಲು ಹಿಡಿಯಿತು. ಇನ್ನೊಬ್ಬಳ ಮೊಮ್ಮಗಳ ಹೆಸರಿಡುವ ಕಾರ್ಯಕ್ರಮ ಮೂರು ವಾರ ನಡೆಯಿತು. ಗುರುವಾರದವಳು ಒಂದು ದಿನವೂ ಬರಲಿಲ್ಲ, ಆದರೆ ದಿನ ಮುಂಜಾನೆ ತಪ್ಪದೆ ನನ್ನ ಮೊಬೈಲಿಗೆ ಮುಗಿದ ಕೈಗಳ ಚಿತ್ರ ಕಳಿಸುತ್ತಿದ್ದಳು. ತಿಂಗಳು ತುಂಬುವುದರೊಳಗೆ ಆರು ದಿನವೂ ನನ್ನವೇ ಆದವು. ಅವರನ್ನಾದರೂ ಹೇಗೆ ಬೈಯಲಿ? ನಾನೂ ಓಡಿಹೋಗುತ್ತಿದ್ದೆ. ನಡುವೆ ಒಂದೇ ಗೋಡೆ ಇದ್ದದ್ದರಿಂದ ಓಡಲು ಜಾಗವಿರಲಿಲ್ಲ.

ಕೆಲಸಕ್ಕೆ ನಾನು ಹೆದರಿದವಳಲ್ಲ. ಹೇಲು, ಉಚ್ಚೆ ನೋಡಿ ಮೂಗು ಮುಚ್ಚುವ ಮನೆತನದಲ್ಲಿ ಹುಟ್ಟಿದವಳೂ ಅಲ್ಲ. ನನ್ನ ಅವ್ವ ಗಡಹಿಂಗ್ಲಜದ ಒಂದು ಚಿಕ್ಕ ದವಾಖಾನೆಯಲ್ಲಿ ಆಯಾ ಆಗಿದ್ದಳು, ಕೈಯಲ್ಲಿ ಶಕ್ತಿ ಇರುವವರೆಗೂ ಬೇರೆಯವರ ಪಾಟ್ ತೊಳೆದವಳು. ನನ್ನ ತಾಳ್ಮೆ ಹೋದದ್ದು ಆಯಿಯ ಬಾಯಿಯಿಂದ. ನೀರು ಬಿಸಿಯಾದರೆ "ಕೋಳಿ ಪುಚ್ಚ ತರೀತಿಯೇನು?", ತಣ್ಣಗಾದರೆ "ಹೆಣಕ್ಕ ಎರೀತಿಯೇನು?" ನನ್ನ ಕೈ ಒರಟು. ನನ್ನ ಬಳೆ ಚುಚ್ಚುತ್ತದೆ. ನಮ್ಮ ಮನೆಯಲ್ಲಿ ಮಾಂಸ ಬೇಯುವುದರಿಂದ ನಮ್ಮ ಅಡಿಗೆ ಆಗದು. ಅವಳ ಮನೆಯಲ್ಲಿ, ಅವಳ ಪಾತ್ರೆಯಲ್ಲಿ, ಅವಳು ಮಂಚದಿಂದ ಕೂಗಿ ಹೇಳಿದ ಹಾಗೆಯೇ ರೊಟ್ಟಿ ಬಡಿಯಬೇಕು. ಅದೂ ಅವಳು ನನ್ನನ್ನು ನೋಡದೆ, ಬರೀ ಸಪ್ಪಳ ಕೇಳಿ ತಪ್ಪು ಹುಡುಕುತ್ತಿದ್ದಳು. "ದಪ್ಪ ಆತು. ಸಪ್ಪಳ ಕೇಳಿದ್ರ ತಿಳಿತೈತಿ ನನಗ."

ದಿನವೂ ಬೆಳಿಗ್ಗೆ ಇನ್ನೊಂದು ತಕರಾರು. "ದೇವರ ಮುಂದ ದೀಪಾ ಹಚ್ಚು."

"ಆಯಿ, ನಾ ಹಚ್ಚಂಗಿಲ್ಲ. ನಮಗ ಅದು ನಡಿಯಂಗಿಲ್ಲ. ನಿನ್ನ ಸೊಸಿ ಹಚ್ಚಿ ಹೋಗ್ಯಾಳಲ್ಲ?"

"ಆಕಿ ಹಚ್ಚಿದ್ದು ನಾ ಎಲ್ಲಿ ನೋಡೇನಿ? ನನಗ ಹೆಂಗ ಗೊತ್ತಾಗ್ಬೇಕು?"

ವಿಭೂತಿಯ ಡಬ್ಬಿ ಅವಳ ಕೈಗೆ ಕೊಡುತ್ತಿದ್ದೆ, ಅವಳೇ ಹಚ್ಚಿಕೊಳ್ಳುತ್ತಿದ್ದಳು. ದೀಪದ ವಿಷಯದಲ್ಲಿ ದಿನವೂ ಜಗಳ. ಮಧ್ಯಾಹ್ನ ಮನೆಗೆ ಬಂದು ಮಷೀನಿನ ಮುಂದೆ ಕೂತರೆ ಹೊಲಿಗೆ ಸೊಟ್ಟಗೆ ಹೋಗುತ್ತಿತ್ತು. ಬಿಚ್ಚಿ ಮತ್ತೆ ಹೊಲಿಯುತ್ತಿದ್ದೆ. ಹೊಲಿಯುತ್ತಲೇ ಯೇಸುಸ್ವಾಮಿಯ ಹತ್ತಿರ ದೂರು ಹೇಳುತ್ತಿದ್ದೆ. ಸೇವೆ ಮಾಡಿದರೆ ಶಾಂತಿ ಸಿಗುತ್ತದೆ ಎಂದು ಪ್ರಸಂಗದಲ್ಲಿ ಕೇಳಿದ್ದೆ. ನನಗೆ ಸಿಕ್ಕದ್ದು ತಲೆನೋವು. ಒಂದು ವಿಷಯ ಒಪ್ಪಿಕೊಳ್ಳಬೇಕು. ಚರ್ಚಿನಲ್ಲಿ ಯಾರಾದರೂ "ನಿಮ್ಮಂಥೋರು ಸಿಗಂಗಿಲ್ರಿ" ಎಂದರೆ ತಲೆನೋವು ಅರ್ಧ ಇಳಿಯುತ್ತಿತ್ತು. ಹಾಗೆ ಅನ್ನಲಿ ಎಂದು ನಾನು ಪ್ರಾರ್ಥನೆ ಮುಗಿದ ಮೇಲೆ ಬಾಗಿಲ ಹತ್ತಿರ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದೆ.

ಏಳನೆಯ ವಾರದಲ್ಲಿ ಕೊಲ್ಹಾಪುರಕ್ಕೆ ತೋರಿಸಲು ಕರೆದುಕೊಂಡು ಹೋಗಬೇಕಾಯಿತು. ಮಗ ಬರಬೇಕಿತ್ತು. ಅವತ್ತೇ ಅವನ ಮಗ್ಗಕ್ಕೆ ಹೊಸ ಬೀಮು, ಹಾಸು ನೂಲಿನ ಉರುಳೆ, ಏರಿಸುವುದಿತ್ತು, ಮಾಲೀಕ ಬಿಡಲಿಲ್ಲ. ಓಣಿಯವನೇ ಒಬ್ಬನ ವ್ಯಾನಿನಲ್ಲಿ ಹಿಂದಿನ ಸೀಟಿಗೆ ಗಾದಿ ಹಾಕಿ ಆಯಿಯನ್ನು ಮಲಗಿಸಿ ನಾನೇ ಹೊರಟೆ. ದಾರಿಯುದ್ದಕ್ಕೂ ಪ್ರತಿ ಕುಣಿಗೂ ಒಂದು ಬೈಗುಳ. ಬೈಗುಳ ಡ್ರೈವರನಿಗಲ್ಲ, ನನಗೆ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ಸಾಲಿನಲ್ಲಿ ಎರಡು ತಾಸು. ಆಯಿಯ ಸೀರೆ ಒದ್ದೆಯಾಯಿತು. ಸ್ಟ್ರೆಚರಿನ ಮೇಲೆಯೇ ಅಡ್ಡ ಬಟ್ಟೆ ಹಿಡಿದು, ಒರೆಸಿ, ಬೇರೆ ಸೀರೆ ಸುತ್ತಿದೆ. ಆಗ ಅಲ್ಲಿಗೆ ಬಂದ ನರ್ಸು ನಾನು ಮಾಡುವುದನ್ನು ಒಂದು ಗಳಿಗೆ ನೋಡಿ, ಮೆಚ್ಚುಗೆಯಿಂದಲೇ ಇರಬೇಕು, ಆಯಿಯನ್ನು ಮರಾಠಿಯಲ್ಲಿ ಕೇಳಿದಳು. "ಆಜೀ, ಹೀ ಕೋಣ? ಮುಲ್ಗೀ ಕಾ?" ಇವಳು ಮಗಳಾ ಎಂದು.

ಆಯಿ ಒಂದು ಕ್ಷಣವೂ ಯೋಚಿಸಲಿಲ್ಲ. "ನ್ಹಾಯ್ ಹೋ. ಕಾಮವಾಲಿ ಹಾಯ್ ಆಮ್ಚಿ."

ನಮ್ಮ ಮನೆಗೆಲಸದವಳು. ಸಾಲಿನಲ್ಲಿದ್ದ ಎಲ್ಲರೂ ಕೇಳುವಂತೆ, ಮಗ್ಗದ ಷೆಡ್ಡಿನ ದನಿಯಲ್ಲಿ. ನರ್ಸಿನ ಮುಖ ಬದಲಾಯಿತು. ಆಮೇಲೆ ಅವಳು ನನ್ನೊಡನೆ ಮಾತಾಡಿದ್ದೆಲ್ಲ ಏಕವಚನದಲ್ಲಿ. ಕಾಲು ಸರಿಯಾಗಿ ಹಿಡಿ, ಅತ್ತ ಸರಿ, ಫೈಲು ಎಲ್ಲಿಟ್ಟೆ. ನಾನು ಹಿಡಿದೆ, ಸರಿದೆ, ಫೈಲು ಕೊಟ್ಟೆ. ಕಿವಿ ಕಾದ ಹಂಚಿನ ಹಾಗೆ ಆಗಿತ್ತು. ಪ್ರತಿ ಭಾನುವಾರ ನಾವು ಕರ್ತನ ದಾಸರು ಎಂದು ಕೈ ಎತ್ತಿ ಹಾಡುತ್ತೇವೆ. ಯಾರೋ ನಿಜವಾಗಿ ದಾಸಿ ಎಂದು ಕರೆದರೆ ಇಷ್ಟು ಸುಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಎಲುಬು ಕೂಡುತ್ತಿದೆ, ಇನ್ನು ಮೂರು ವಾರ ಬಿಟ್ಟು ವಾಕರ್ ಹಿಡಿದು ನಿಲ್ಲಿಸಿ ಎಂದರು ಡಾಕ್ಟರು. ವ್ಯಾನು ಕೊಲ್ಹಾಪುರ ದಾಟಿತು, ಕಬ್ಬಿನ ಹೊಲಗಳು ಶುರುವಾದವು. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರು ಇರುವೆಯ ಹಾಗೆ ಹೋಗುತ್ತಿತ್ತು. ಅಲ್ಲಿಯವರೆಗೆ ಹಲ್ಲು ಕಚ್ಚಿಕೊಂಡಿದ್ದ ನಾನು ಕೇಳಿಯೇಬಿಟ್ಟೆ.

"ಆಯಿ, ನಾ ನಿಮ್ಮನಿ ಕೆಲಸದಾಕಿ ಏನ?"

"ಮತ್ತೇನಂತ ಹೇಳ್ಲಿ? ಮಗಳಂತ ಹೇಳ್ಲೇನು? ಮಗಳಾಗಿದ್ರ ಹಿಂಗ ಮಾರಿ ಗಂಟ ಹಾಕ್ಕೊಂಡು ಮಾಡ್ತಿದ್ದಿಲ್ಲ."

"ಬಾಜೂ ಮನಿಯಾಕಿ ಅನ್ನಬೇಕಿತ್ತು!"

"ಬಾಜೂ ಮನಿಯಾಕಿ ಉಚ್ಚಿ ಬಳೀತಾಳ ಅಂದ್ರ ಆ ನರ್ಸು ನಂಬ್ತಿದ್ದಳೇನು?"

ಆಗ ನನ್ನ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಆದರೆ ಬಂದದ್ದು ಹೌದು. "ನಾ ನಿನ್ನ ಸಲುವಾಗಿ ಮಾಡಾಕತ್ತೇನಿ ಅಂತ ತಿಳದೀಯೇನು? ನಮ್ಮ ಯೇಸುಸ್ವಾಮಿ ಸಲುವಾಗಿ ಮಾಡಾಕತ್ತೇನಿ. ಇಲ್ಲಂದ್ರ ನಿನ್ನ ಮಾರಿ ಸೈತ ನೋಡ್ತಿದ್ದಿಲ್ಲ!"

ಡ್ರೈವರ್ ಹಾಡಿನ ದನಿ ಜೋರು ಮಾಡಿದ. ವ್ಯಾನು ಟ್ರ್ಯಾಕ್ಟರನ್ನು ಹಿಂದೆ ಹಾಕಿತು. ನಾನು ಅವಳ ಬಾಯಿ ಮುಚ್ಚಿಸಿದೆ ಎಂದುಕೊಂಡೆ. ಆಮೇಲೆ ಅವಳು, ಇಪ್ಪತ್ತು ವರ್ಷದಲ್ಲಿ ನಾನು ಕೇಳಿರದ ಸಣ್ಣ ದನಿಯಲ್ಲಿ ಹೇಳಿದಳು.

"ಹಂಗಾರ ನಾ ಯಾರು? ನಿಮ್ಮ ಸ್ವಾಮಿ ನಿನಗ ಕೊಟ್ಟಿದ್ದ ಪರೀಕ್ಷಾ ಪೇಪರೇನು? ನೀ ಪಾಸಾಗಾಕ ನನ್ನ ಕುಂಡಿ ತೊಳೀತಿ?"

 ಚಾಳು ಬಂದಾಗ ಸಂಜೆಯಾಗಿತ್ತು, ಕೆಲಸದಿಂದ ಬಂದಿದ್ದ ಮಗನನ್ನು ಕರೆದು ಇಬ್ಬರೂ ಸೇರಿ ಅವಳನ್ನು ಇಳಿಸಿದೆವು. ಮಂಚದ ಮೇಲೆ ಮಲಗಿಸಿ, ಅವಳ ಮುಖ ನೋಡದೆ ಹೊರಗೆ ಬಂದೆ. ಸೊಸೆಗೆ, "ನಮ್ಮವ್ವಗ ಆರಾಮಿಲ್ಲಂತ, ಎರಡ ದಿನಾ ಊರಿಗೆ ಹೋಗಿ ಬರ್ತೇನಿ" ಎಂದು ಸುಳ್ಳು ಹೇಳಿದೆ. ಮರುದಿನ ಮೊದಲ ಬಸ್ಸಿಗೆ ನಿಪ್ಪಾಣಿ, ಅಲ್ಲಿಂದ ಸಂಕೇಶ್ವರದ ಮೇಲೆ ಹಾಯ್ದು ಗಡಹಿಂಗ್ಲಜಕ್ಕೆ ಹೋದೆ.

ಅವ್ವ ಗಟ್ಟಿಯಾಗಿಯೇ ಇದ್ದಳು. ಪಡಸಾಲೆಯಲ್ಲಿ ಗೋಣಿಚೀಲ ಹಾಸಿಕೊಂಡು ಒಣ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಮುರಿಯುತ್ತ, ಸೀನುತ್ತ, ನಡೆದದ್ದನ್ನೆಲ್ಲ ಹೇಳಿದೆ. ಪಾಳಿಯ ಪಟ್ಟಿಯಿಂದ ಕಾಮವಾಲಿಯವರೆಗೆ. ನನ್ನ ನೆನಪಿನಲ್ಲಿ ಅವ್ವ ಎಂದರೆ ದವಾಖಾನೆಯ ಕಾರಿಡಾರಿನಲ್ಲಿ ಪಾಟ್ ಹಿಡಿದು, ಬಾಯಲ್ಲಿ ಮೆಲ್ಲಗೆ ಏನೋ ಅನ್ನುತ್ತ ನಡೆದು ಹೋಗುವವಳು. ಡಾಕ್ಟರ್ ಬಾಯಿ ಅವಳನ್ನು ಎಲ್ಲರಿಗೂ ತೋರಿಸಿ, ನೋಡಿ, ಇವಳು ಕೆಲಸ ಮಾಡುವಾಗಲೂ ಪ್ರಾರ್ಥಿಸುತ್ತಾಳೆ ಎನ್ನುತ್ತಿದ್ದರು. ಆ ಮಾತು ಕೇಳಿಕೊಂಡೇ ನಾನು ಬೆಳೆದದ್ದು. "ನಿನ್ನಷ್ಟು ಒಳ್ಳೇ ಮನಸ ನನಗ ಬರಲಿಲ್ಲ ಅವ್ವಾ" ಎಂದೆ. ನಿಜವಾಗಿಯೂ ಅಳು ಬಂದಿತ್ತು. ಅಷ್ಟಿಷ್ಟು ಮೆಣಸಿನಕಾಯಿಯದೂ ಇದ್ದೀತು.

ಅವ್ವ ಕೈ ನಿಲ್ಲಿಸಿ ನನ್ನನ್ನು ನೋಡಿದಳು. "ಯಾವ ಒಳ್ಳೇ ಮನಸ?"

"ಪಾಟ್ ತೊಳಿಯಾಕ ಹೋಗುಮುಂದ ಪ್ರಾರ್ಥನಾ ಮಾಡ್ತಿದ್ಯಲ್ಲ."

ಅವ್ವ ನಗಲು ಶುರು ಮಾಡಿದಳು. ನಕ್ಕು ನಕ್ಕು ಕೆಮ್ಮು ಹತ್ತಿತು, ನೀರು ಕುಡಿಸಬೇಕಾಯಿತು. "ಪ್ರಾರ್ಥನಾ ಎಲ್ಲೀದ ಹುಚ್ಚಿ? ಬೈತಿದ್ದೆ! ಡಾಕ್ಟರ್ ಬಾಯಿ ಕೇರಳದಾಕಿ, ಆಕಿಗೆ ಕನ್ನಡ ಎಲ್ಲಿ ತಿಳೀತಿತ್ತು? ಆ ಪೇಷಂಟಿಗೆ ಬೈತಿದ್ದೆ, ಆಕಿ ಮಕ್ಕಳಿಗೆ ಬೈತಿದ್ದೆ, ಒಮ್ಮೊಮ್ಮೆ ಡಾಕ್ಟರಿಗೂ ಬೈತಿದ್ದೆ. ಪ್ರಾರ್ಥನಾ ಅಂತ ಆಕಿ ತಿಳಕೊಂಡ್ರ ನಾ ಯಾಕ ಅಲ್ಲ ಅನ್ಲಿ?"

ನಲವತ್ತು ವರ್ಷ ನಾನು ಈ ಹೆಂಗಸಿನ ಪಕ್ಕದಲ್ಲಿ ನನ್ನನ್ನು ಇಟ್ಟು ಅಳೆದುಕೊಂಡು ಕಡಿಮೆ ಬಿದ್ದೆ ಎಂದು ಕೊರಗಿದ್ದೆ. ನನಗೆ ಅವಳ ಮೇಲೂ ಸಿಟ್ಟು ಬಂತು.

ನಗು ನಿಂತ ಮೇಲೆ ಅವ್ವ ಕೇಳಿದಳು, "ಆ ಮುದುಕಿಗೆ ಏನ್ ಬೇಕಂತ ಕೇಳಿದ್ಯೇನು?"

"ಕೇಳೂದೇನೈತಿ? ಕೇಳದನ ಹೇಳ್ತಾಳ. ಮುಂಜಾನಿಂದ ಸಂಜೀತನಕ ಅದನ್ನ ಹೇಳ್ತಾಳ."

"ಅದು ಬೈಗಳ. ಬ್ಯಾನಿ ಆದವರು ಬೈತಾರ. ನೀ ಕೇಳಿದ್ಯೇನು ಅಂತ ಕೇಳಾಕತ್ತೇನಿ ನಾ."

 ಅವ್ವ ಮತ್ತೆ ಮೆಣಸಿನಕಾಯಿಗೆ ಕೈ ಹಾಕಿದಳು. "ನಾ ಎಷ್ಟ ಬೈದ್ರೂ ಕೇಳತಿದ್ದೆ. ಯಾವ ಕಡಿ ಹೊಳ್ಳಿಸ್ಲಿ, ಎಷ್ಟ ಬಿಸಿ ಹಾಕ್ಲಿ, ಈಗ ಬೇಕೋ ಆಮ್ಯಾಲೋ. ಅಷ್ಟ ನೋಡು. ಉಳಿದದ್ದು ನನಗೂ ಬರಲಿಲ್ಲ." ಮುರಿದ ತೊಟ್ಟುಗಳನ್ನು ಒಂದು ಕಡೆ ಸರಿಸಿ, "ನಾಳಿ ಮುಂಜಾನಿ ಬಸ್ಸಿಗೆ ಹೋಗು. ನನಗ ಆರಾಮಿಲ್ಲಂತ ಹೇಳಿ ಬಂದೀ. ಹೆಚ್ಚು ದಿನಾ ಇದ್ರ ಖರೇನ ಆಗಬಾರದು" ಎಂದಳು. ಎರಡು ದಿನ ಇರಲು ಬಂದವಳನ್ನು ಒಂದು ರಾತ್ರಿಗೆ ಎಬ್ಬಿಸಿ ಕಳಿಸಿದಳು.

ಚಾಳಿಗೆ ಮುಟ್ಟಿದಾಗ ಮಧ್ಯಾಹ್ನ. ಸೊಸೆ ಎರಡನೆಯ ದಿನವೂ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದಳು. ನನ್ನನ್ನು ಕಂಡವಳೇ, "ಅವ್ವಗ ಹೆಂಗೈತ್ರಿ ಅಕ್ಕಾ?" ಎಂದಳು. ನನ್ನ ಸುಳ್ಳು ನನಗೇ ಕಹಿಯಾಯಿತು. "ಆರಾಮದಾಳ" ಎಂದು ಒಳಗೆ ಹೋದೆ.

ಆಯಿ ಮಲಗಿದ್ದಳು, ಮುಖ ಗೋಡೆಯ ಕಡೆ. ನಾನು ಬಂದದ್ದು ಗೊತ್ತಾಗಿತ್ತು, ಹೆಜ್ಜೆಯ ಸಪ್ಪಳದಿಂದ. ಮಂಚವನ್ನು ಸುತ್ತಿ ಹೋಗಿ ಅವಳ ಮುಂದೆ ನಿಂತೆ.

"ಆಯಿ, ನಿನಗ ಏನ್ ಬೇಕು?"

"ಪಾಟ್ ಈಗ ಬ್ಯಾಡ."

"ಪಾಟಲ್ಲ. ಏನರ ಬೇಕೇನು ಅಂತ."

ಅವಳು ನನ್ನನ್ನು ಅನುಮಾನದಿಂದ ನೋಡಿದಳು. ಇದರ ಹಿಂದೆ ಯಾವ ಪ್ರಸಂಗ ಬರುತ್ತದೋ ಎಂದು ಕಾಯುವವಳ ಹಾಗೆ. ಪ್ರಸಂಗ ಬರಲಿಲ್ಲ. ಮಂಚದ ಕಂಬಿಯನ್ನು ತಟ್ಟಿ ಹೇಳಿದಳು.

"ಈ ಕಾಟ್ ತಿರುಗಿಸು."

ನನಗೆ ಮೊದಲು ತಿಳಿಯಲಿಲ್ಲ. ಆ ಕಾಟನ್ನು ಅಲ್ಲಿ ಹಾಕಿಸಿದ್ದು ನಾನೇ, ಆಸ್ಪತ್ರೆಯಿಂದ ಬಂದ ದಿನ. ಬಚ್ಚಲು ನನ್ನ ಬಲಗೈಗೆ ಸಿಗಬೇಕು, ನೀರು ಚೆಲ್ಲಲು, ಒರೆಸಲು ಸಸಾರ ಆಗಬೇಕು ಎಂದು ಅವಳ ತಲೆಯನ್ನು ಬಾಗಿಲ ಕಡೆಗೆ ಮಾಡಿ ಹಾಕಿಸಿದ್ದೆ. ಈಗ ಅವಳ ಪಕ್ಕಕ್ಕೆ ತಲೆ ತಗ್ಗಿಸಿ ಅವಳು ನೋಡುವ ಕಡೆ ನೋಡಿದೆ. ಒಂದು ಗೋಡೆ. ತೇವ ಏರಿ ಸುಣ್ಣ ಉದುರಿದ ಜಾಗ. ಒಂದು ಹಳೆಯ ಕ್ಯಾಲೆಂಡರ್, ಹಾಳೆ ಯಾರೂ ತಿರುವಿಲ್ಲ. ದೇವರ ಜಗಲಿ ಅವಳ ಬೆನ್ನಿಗೆ. ಬಾಗಿಲು, ಓಣಿ, ನಲ್ಲಿ, ಹೋಗಿ ಬರುವ ಜನ, ಎಲ್ಲ ಅವಳ ತಲೆಯ ಹಿಂದೆ.

"ಯಾರ ಬಂದ್ರೂ ಮೊದಲ ಸಪ್ಪಳ, ಆಮ್ಯಾಲ ಮಾರಿ" ಎಂದಳು ಆಯಿ. "ಹೆಣಾ ಮಲಗಿಸಿದಂಗ ಮಲಗಿಸಿ ಹೋದ್ರಿ."

"ಇಷ್ಟ ದಿನಾ ಯಾಕ ಹೇಳಲಿಲ್ಲ ನೀ?"

"ಯಾರಿಗೆ ಹೇಳ್ಲಿ? ಮಗಾ ಸೊಸಿ ದಣದು ಬರ್ತಾರ. ನೀ ಅಂತೂ ಮೊದಲ ಸಿಡಿಸಿಡಿ ಅಂತಿರ್ತಿ."

ರೊಟ್ಟಿ ದಪ್ಪವಾದದ್ದಕ್ಕೆ ಇಡೀ ಚಾಳು ಕೇಳುವಂತೆ ಕೂಗಿದವಳು, ಮಂಚ ತಿರುಗಿಸು ಎನ್ನುವ ಒಂದು ಮಾತನ್ನು ಏಳು ವಾರ ಬಾಯೊಳಗೆ ಇಟ್ಟುಕೊಂಡಿದ್ದಳು. ಬೈಯುವುದು ಅವಳಿಗೆ ಬರುತ್ತಿತ್ತು, ಬೇಡುವುದು ಬರುತ್ತಿರಲಿಲ್ಲ. ಬರುತ್ತಿದ್ದರೂ ನನ್ನ ಮುಖ ನೋಡಿ ಯಾರು ಬೇಡಿಯಾರು?

ಸೊಸೆ ಮತ್ತು ನಾನು ಸೇರಿ ತಿರುಗಿಸಿದೆವು. ಕಬ್ಬಿಣದ ಮಂಚ, ಮೇಲೆ ಆಯಿ, ಇಕ್ಕಟ್ಟಿನ ಕೋಣೆ. ಫರಸಿ ನೆಲದ ಮೇಲೆ ಮಂಚದ ಕಾಲು ಕಿರ್‍ರೆಂದಿತು. ಆಯಿ ಆ ಹೊತ್ತಿಗೆಲ್ಲ ಚೇತರಿಸಿಕೊಂಡು, "ಸಾವಕಾಶ! ಹತ್ತಿ ಗಾಡಿ ಜಗ್ಗಾಕತ್ತೀರೇನು?" ಎಂದು ಕೂಗುತ್ತಿದ್ದಳು. ತಿರುಗಿದ ಮೇಲೆ ಬಾಗಿಲಿನ ಬಿಸಿಲು ನೇರ ಅವಳ ಕಾಲ ಮೇಲೆ ಬಿತ್ತು. ಓಣಿಯಲ್ಲಿ ಹೋಗುತ್ತಿದ್ದ ತರಕಾರಿಯವಳನ್ನು ಕಂಡಳು. "ಏ! ನಿನ್ನ ಮೆಂತೆ ಎಲ್ಲಾ ಬಾಡೇತಿ!" ಎಂದಳು. ಅವಳು ಗಾಬರಿಯಾಗಿ ಗಾಡಿ ನಿಲ್ಲಿಸಿದಳು. ಅಂದಿನಿಂದ ನನಗೆ ಬರಬೇಕಾದ ಬೈಗುಳದಲ್ಲಿ ಅರ್ಧ ಓಣಿಗೆ ಹಂಚಿಹೋಯಿತು. ಅರ್ಧ ನನಗೆ ಉಳಿಯಿತು. ಬಚ್ಚಲು ಈಗ ನನ್ನ ಎಡಗೈಗೆ ಬಿದ್ದಿತ್ತು, ದಿನವೂ ಬಗ್ಗಿ ತಿರುಗಿ ಟೊಂಕ ಹಿಡಿಯುತ್ತಿತ್ತು. ಅದಕ್ಕೂ ನಾನು ಗೊಣಗಿದೆ.

ದೀಪದ ಜಗಳವೂ ಅಲ್ಲಿಗೇ ಮುಗಿಯಿತು. ಈಗ ಜಗಲಿ ಅವಳ ಎದುರಿಗಿತ್ತು. ದೀಪವನ್ನು ತಾಟಿನಲ್ಲಿಟ್ಟು ಹತ್ತಿರ ಹಿಡಿದರೆ ಅವಳೇ ಕಡ್ಡಿ ಗೀರಿ ಹಚ್ಚುತ್ತಿದ್ದಳು, ಸಂಜೆ ಸೊಸೆ ಬಂದು ತಾಟು ತೊಳೆದಿಡುತ್ತಿದ್ದಳು. ಇದು ಹೇಗೋ ಚರ್ಚಿಗೆ ಮುಟ್ಟಿತು. ಮುಗಿದ ಕೈಗಳ ಚಿತ್ರ ಕಳಿಸುವ ಗುರುವಾರದವಳೇ ಪಾಸ್ಟರ್‌ಗೆ ಹೇಳಿದಳು, ನಾನು ವಿಗ್ರಹಕ್ಕೆ ಆರತಿ ಮಾಡುತ್ತಿದ್ದೇನೆ ಎಂದು. ಪಾಸ್ಟರ್ ಕರೆದು ಮೆಲ್ಲಗೆ ಕೇಳಿದರು. ನನಗೆ ಮೈ ಉರಿಯಿತು.

"ನಾ ತಾಟು ಹಿಡೀತೇನ್ರಿ. ಆಕಿ ಮಂಚ ಇಳಿಯಾಂಗಿಲ್ಲ. ತಪ್ಪಾದ್ರ ನೀವ ಬಂದು ನೋಡಿ ಹೇಳ್ರಿ."

ಅವರು ತಪ್ಪೆನ್ನಲಿಲ್ಲ, ಸರಿಯೆನ್ನಲಿಲ್ಲ. ಮುಂದಿನ ಭಾನುವಾರ ಸಾಕ್ಷಿ ಹೇಳಿ ಎಂದರು. ಸಾಕ್ಷಿ ಎಂದರೆ ದೇವರು ನಮ್ಮ ಬದುಕಿನಲ್ಲಿ ಮಾಡಿದ್ದನ್ನು ಎಲ್ಲರ ಮುಂದೆ ನಿಂತು ಹೇಳುವುದು. ಹಿಂದೆ ಒಂದು ಹೊಗಳಿಕೆಯ ಮಾತಿಗೆ ನಾನು ಬಾಗಿಲ ಹತ್ತಿರ ಕಾದು ನಿಂತವಳು. ಈಗ ಮುಂದೆ ನಿಂತಾಗ ಚಂದದ ಮಾತು ಒಂದೂ ಬಾಯಿಗೆ ಬರಲಿಲ್ಲ. "ಆಕಿ ನನ್ನ ಕಾಮವಾಲಿ ಅಂದಳು. ನನಗ ಭಾಳ ಸಿಟ್ಟ ಬಂತು. ನಾನೂ ಬೈದೆ. ಆಕಿ ಮಂಚ ತಿರುಗಿಸಬೇಕಾಗಿತ್ತು, ನನಗ ತಿಳೀಲಿಲ್ಲ, ಏಳ ವಾರ ಆತು. ಇಷ್ಟ ನನ್ನ ಸಾಕ್ಷಿ. ಇನ್ನ ಪ್ರತಿ ಮಂಗಳವಾರ ನನಗ ಹೊಲಿದಿದ್ದು ಅಂಗಡಿಗೆ ಮುಟ್ಟಿಸಾಕ ಹೋಗಬೇಕಾಗ್ತೈತಿ. ಯಾರ ಬರ್ತೀರಿ?" ಎಂದೆ.

ಯಾರೂ ಆಮೆನ್ ಅನ್ನಲಿಲ್ಲ. ಪಾಸ್ಟರ್ ಕೆಮ್ಮಿ, ಹಾಡು ಹಾಡೋಣ ಎಂದರು.

ಮಂಗಳವಾರ ಮುಂಜಾನೆ ನಾನು ಗಂಟು ಕಟ್ಟಿಕೊಂಡು ಹೊರಡಬೇಕು, ಆಯಿಯನ್ನು ಒಬ್ಬಳೇ ಬಿಡುವುದು ಹೇಗೆ ಎಂದು ಬಾಗಿಲಲ್ಲಿ ನಿಂತಿದ್ದೆ. ಪಾಸ್ಟರ್ ತಮ್ಮ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಗಾಡಿಯಲ್ಲಿ ಬಂದಿಳಿದರು. ಹೆಂಡತಿ ಆಯಿಯ ಮೈ ಒರೆಸುವುದು, ಸೀರೆ ಬದಲಿಸುವುದು ಮಾಡುತ್ತಾರಂತೆ, ಇವರು ನೀರು, ಕಸ, ಪಾತ್ರೆ, ಪಾಟ್. ಪ್ಯಾಂಟು ಮಡಚಿಕೊಂಡು ಒಳಗೆ ಬಂದ ಗಂಡಸನ್ನು ಆಯಿ ತಲೆಯಿಂದ ಕಾಲಿನವರೆಗೆ ನೋಡಿದಳು.

"ನೀವ್ಯಾರ್ರಿ?"

"ಈ ಅಕ್ಕಾರ ಬದಲಿ ಕೆಲಸಕ್ಕ ಬಂದೇವ್ರಿ ಆಯಿ" ಎಂದರು ಪಾಸ್ಟರ್.

"ಕೆಲಸ ಬರತೈತೇನು?"

"ಕಲೀತೇನ್ರಿ."

ನಾನು ಹೊರಡುವಷ್ಟರಲ್ಲೇ ಅವರು ಪಾಟ್ ಎತ್ತಿಕೊಂಡು ಬಚ್ಚಲಿಗೆ ಹೋಗುವಾಗ ಹೊಸ್ತಿಲಿಗೆ ಎಡವಿ ಅರ್ಧ ಚೆಲ್ಲಿದರು. ಕಿವಿಯವರೆಗೂ ಕೆಂಪಾದರು. ಆಯಿ ಆ ನೆಲವನ್ನು ಅವರಿಂದ ಎರಡು ಸಲ ಒರೆಸಿಸಿದಳು, ಮೂಲೆಯಲ್ಲಿ ಉಳಿದಿದೆ ಎಂದು. ಆಯಿ ವಾಕರ್ ಹಿಡಿದು ತಾನೇ ಓಡಾಡುವವರೆಗೂ ಅವರು ಮಂಗಳವಾರ ತಪ್ಪಿಸಲಿಲ್ಲ. ಅದರ ಮೇಲೆ ಪ್ರಸಂಗವನ್ನೂ ಮಾಡಲಿಲ್ಲ. ಚರ್ಚಿನ ಬಾಗಿಲಿನ ಪಾಳಿಯ ಪಟ್ಟಿ ಯಾವಾಗ ಹರಿದು ಹೋಯಿತೋ ಯಾರೂ ನೋಡಲಿಲ್ಲ. ಮೊಣಕಾಲು ನೋವಿನವಳು ಮಾತ್ರ ಒಂದು ದಿನ ತಾನಾಗಿ ಬಂದು ರೊಟ್ಟಿ ಬಡಿದು ಕೊಟ್ಟು ಹೋದಳು. ಅವಳ ರೊಟ್ಟಿ ನನ್ನದಕ್ಕಿಂತ ತೆಳ್ಳಗಿತ್ತು ಎಂದು ಆಯಿ ನನಗೆ ಒಂದು ವಾರ ಹೇಳಿದಳು.

ಈಗ ಆಯಿ ಕೋಲು ಹಿಡಿದು ನಡೆಯುತ್ತಾಳೆ. ನನಗೆ ಕೈ ಮುಗಿಯಲಿಲ್ಲ, ಉಪಕಾರ ಎಂದೂ ಅನ್ನಲಿಲ್ಲ. ಮೊನ್ನೆ ಚಾಳಿಗೆ ಹೊಸದಾಗಿ ಬಂದವಳಿಗೆ ನನ್ನನ್ನು ತೋರಿಸಿ, "ಈಕಿ ಭಾಳ ಸಿಡಕಿ, ಹುಷಾರಾಗಿರು. ಆದ್ರ ಕರೆದ್ರ ಬರ್ತಾಳ" ಎಂದಳು. ಹೊಗಳಿದಳೋ ತೆಗಳಿದಳೋ ನನಗೆ ಇನ್ನೂ ಗೊತ್ತಾಗಿಲ್ಲ. ಶನಿವಾರ ತಲೆ ಎರೆಯುವ ಕೆಲಸ ಈಗಲೂ ನನ್ನದೇ. ಸೊಸೆ ಎರೆದರೆ ಅವಳಿಗೆ ಸಮಾಧಾನವಿಲ್ಲ, ನಾನು ಎರೆದರೂ ಇಲ್ಲ. ಹೋದ ಶನಿವಾರ ಕಣ್ಣಿಗೆ ಸೀಗೆಕಾಯಿ ಹೋಯಿತೆಂದು ಇಡೀ ಓಣಿ ಕೇಳುವಂತೆ ಕಿರುಚಿದಳು. ಕಣ್ಣು ಮುಚ್ಚು ಅಂದರೆ ಮುಚ್ಚಬಾರದೇ ಎಂದು ನಾನೂ ಕಿರುಚಿದೆ. ಆಮೇಲೆ, ಬೆನ್ನು ಜೋರಾಗಿ ತಿಕ್ಕಲೋ ಮೆಲ್ಲಗೋ ಎಂದು ಕೇಳಿದೆ. ಜೋರಾಗಿ ಎಂದಳು. ಜೋರಾಗಿಯೇ ತಿಕ್ಕಿದೆ.